ಹನ್ನೊಂದು ಮೀಟರ್

ಡಬ್ಬಿಗೆ ತಗುಲಿದ್ದು ಅರ್ಧ ಕುರಿಯ ಬೆಲೆ.
ಸೋಪಿನ ಪೆಟ್ಟಿಗೆಯೊಳಗೆ ಕೂರಿಸಿದ್ದೇನೆ
ಉಪಗ್ರಹದ ಮಾತಿಗೆ ಕಿವಿಗೊಡುವ ಒಂದು ಚಿಪ್,
ತಳ್ಳಿದ್ದು, ತಿರುಗಿದ್ದು ಗುರುತಿಡುವ ಇನ್ನೊಂದು,
ಅಗ್ಗದ್ದು, ಬಿಸಿಲಿಗೊಂದು ಚಳಿಗೊಂದು ಮಾತಾಡುವಂಥದ್ದು.
ನುರ್ಗಾಜಿಯ ಹಳೇ ವ್ಯಾನಿನ ಡ್ಯಾಶ್‌ಬೋರ್ಡಿಗೆ
ಅಂಟುಪಟ್ಟಿ ಸುತ್ತಿ ಬಿಗಿದೆ.
"ಇದಕ್ಕೂ ಟಿಕೆಟ್ ಆಗುತ್ತೆ, ತಂಗಿ," ಅಂದ.

ಹಿಂದೆ ಒಂಬತ್ತು ಜನ, ಎರಡು ಕಲ್ಲಂಗಡಿ,
ಒಂದು ಹೊಲಿಗೆ ಯಂತ್ರ.
ಬಿಷ್ಕೆಕ್ ಬಿಟ್ಟಾಗ ತಲೆಯ ಮೇಲೆ ಹದಿನಾಲ್ಕು ಉಪಗ್ರಹ.
ಕಣಿವೆ ಕಿರಿದಾದ ಹಾಗೆ
ಒಂಬತ್ತು. ಆರು.
ಬಂಡೆಗೆ ಬಡಿದು ತಡವಾಗಿ ಬಂದ ಸಂಕೇತವೊಂದು
ನಮ್ಮನ್ನು ಎತ್ತಿ ಆಚೆ ದಡದಲ್ಲಿ ಇಟ್ಟುಬಿಟ್ಟಿತು.
ಒಂದು ಕ್ಷಣ ನಾವೆಲ್ಲ, ಕಲ್ಲಂಗಡಿ ಸಮೇತ,
ಕಾಲು ನೆನೆಯದೆ ಹೊಳೆ ದಾಟಿದವರು.
ಡಬ್ಬಿಯೊಳಗಿನ ಎರಡನೇ ಸಾಕ್ಷಿ ಅಂದ:
ಇಲ್ಲ, ಯಾರೂ ನಮ್ಮನ್ನು ಪಕ್ಕಕ್ಕೆ ನೂಕಲಿಲ್ಲ.
ಲೆಕ್ಕ ಇಬ್ಬರನ್ನೂ ತೂಗಿ ನೋಡಿ
ರಸ್ತೆಗೇ ತಂದು ಬಿಟ್ಟಿತು.

ಇಬ್ಬರು ಸುಳ್ಳುಬುರುಕರ ನಡುವೆ ನನ್ನ ಸಂಸಾರ.
ಒಬ್ಬ ಸೆಕೆಂಡಿಗೊಮ್ಮೆ ಮೇಲಿನಿಂದ ಕೂಗುತ್ತಾನೆ,
ಹೆಚ್ಚುಕಡಿಮೆ ಮಾತು,
ಆದರೆ ನಿನ್ನೆಯ ತಪ್ಪನ್ನು ಇವತ್ತಿಗೆ ಹೊತ್ತು ತರುವವನಲ್ಲ.
ಇನ್ನೊಬ್ಬ ಸೆಕೆಂಡಿಗೆ ನೂರು ಸಲ ಪಿಸುಗುಟ್ಟುತ್ತಾನೆ.
ಪ್ರತಿ ಸಲವೂ ತಪ್ಪು ಎಳ್ಳಷ್ಟೇ.
ಎಳ್ಳಿಗೆ ಎಳ್ಳು ಕೂಡಿ, ನಿಮಿಷ ಕಳೆಯುವುದರೊಳಗೆ ಗುಡ್ಡ.

ತೊ-ಅಶೂ. ಒಂಟೆಯ ಘಾಟಿ ಎಂದರ್ಥ.
ಮೂರು ಸಾವಿರ ಮೀಟರಿಗೂ ಮೇಲೆ ಸುರಂಗದ ಬಾಯಿ.
ಹೊಕ್ಕೆವು. ಐದು, ಎರಡು, ಸೊನ್ನೆ.
ನನ್ನ ತೊಡೆಯ ಮೇಲಿನ ಪರದೆಯಲ್ಲಿ
ನಾವಿರಬಹುದಾದ ಜಾಗದ ಸುತ್ತ ಎಳೆದ ಮೊಟ್ಟೆಯಂಥ ಗೆರೆ
ಹುದುಗಿದ ಹಿಟ್ಟಿನ ಹಾಗೆ ಉಬ್ಬತೊಡಗಿತು.
ನುರ್ಗಾಜಿ ಸಿಗರೇಟು ಆರಿಸಿ
ತಲೆಯನ್ನು ಎಡಕ್ಕೆ ವಾಲಿಸಿ ಓಡಿಸಿದ.
ಸೈನ್ಯದಲ್ಲಿದ್ದಾಗ ಸಿಡಿದ ಏನೋ ಒಂದು
ಎಡಗಿವಿಯೊಳಗಿನ ತಕ್ಕಡಿ ಕೆಡಿಸಿತಂತೆ.
"ನೆಟ್ಟಗೆ ಕೂತರೆ ಲೋಕ ವಾಲುತ್ತೆ,
ನಾನು ವಾಲಿದರೆ ಲೋಕ ನೆಟ್ಟಗೆ."
ನಾನು ಹದಿನೆಂಟು ಪುಟ ಬರೆದಿದ್ದೇನೆ
ಇದೇ ತಿದ್ದುಪಡಿಯ ಬಗ್ಗೆ.

ನಡು ಸುರಂಗದಲ್ಲಿ ಬ್ರೇಕು.
ಎದುರಿಗೆ ಕುದುರೆಗಳು,
ಸೂಸಮೀರ್ ಬಯಲಿನಿಂದ ಚಳಿಗಾಲಕ್ಕೆ ಇಳಿಯುವ ಹಿಂಡು,
ಹೊಗೆಯಲ್ಲಿ ಕಣ್ಣು ಮಿನುಗಿಸುತ್ತ, ವ್ಯಾನಿಗೆ ಮೈ ಉಜ್ಜುತ್ತ.
ನಾವು ನಿಂತೆವು.
ಡಬ್ಬಿ ನಿಲ್ಲಲಿಲ್ಲ.
ಅದರ ಪ್ರಕಾರ ನಾವಿನ್ನೂ ತೆವಳುತ್ತಿದ್ದೇವೆ
ದಕ್ಷಿಣಕ್ಕೆ, ಸ್ವಲ್ಪ ಬಂಡೆಯೊಳಕ್ಕೆ.
ಕುದುರೆ ಉಜ್ಜಿದಾಗಲೆಲ್ಲ ಇನ್ನಷ್ಟು.
ಚಕ್ರದಿಂದ ಎಳೆದು ತಂದಿದ್ದ ತಂತಿ ಮಾತ್ರ
ಒಂದೇ ಸಮ ಹೇಳುತ್ತಿತ್ತು: ಸೊನ್ನೆ, ಸೊನ್ನೆ, ಸೊನ್ನೆ.
ಆಹಾ, ಅಂದೆ.
ಹಾಗಾದರೆ ಈ ತೆವಳಿಕೆಯೆಲ್ಲ ಇದರದೇ ಚಟ.
ಇಷ್ಟು ಮುಂದಕ್ಕೆ, ಇಷ್ಟು ಎಡಕ್ಕೆ.
ಬರೆದುಕೋ. ಕಳೆ.
ಓಡುವಾಗ ಸಿಕ್ಕಿಬೀಳದ ಸುಳ್ಳು
ನಿಂತಾಗ ಬಾಲ ಸಮೇತ ಕೈಗೆ ಬಂತು.
ಹಿಂದಿನ ಸೀಟಿನ ಅಜ್ಜಿ ಗಾಜಿಗೆ ಮೂಗೊತ್ತಿ
ಕುದುರೆ ಎಣಿಸುತ್ತಿದ್ದಳು: ನಲವತ್ತೊಂದು,
ಬಿಳಿ ಮರಿಯೂ ಸೇರಿ ನಲವತ್ತೆರಡು.
ಉಬ್ಬಿದ ಗೆರೆ ಉಸಿರು ಬಿಟ್ಟು ಬಡವಾಯಿತು.

ಆಮೇಲೆ ಬೆಳಕು.
ನಾಲ್ಕು ಉಪಗ್ರಹ. ಏಳು.
ಡಬ್ಬಿ ಹೇಳಿದ ಜಾಗಕ್ಕೂ ಆಕಾಶ ಹೇಳಿದ ಜಾಗಕ್ಕೂ
ಹನ್ನೊಂದು ಮೀಟರ್ ಅಂತರ.
ಡ್ಯಾಶ್‌ಬೋರ್ಡು ತಟ್ಟಿ ಕೂಗಿಯೇಬಿಟ್ಟೆ:
ಎರಡೂವರೆ ಕಿಲೋಮೀಟರ್ ಕತ್ತಲೆ,
ಅರ್ಧ ಕುರಿ,
ಬರೀ ಹನ್ನೊಂದು!

ನುರ್ಗಾಜಿ ಕಿಟಕಿಯಿಂದ ಹೊರಗೆ ನೋಡಿದ.
ರಸ್ತೆಯ ಅಂಚು, ಅದರಾಚೆ ಬರೀ ಗಾಳಿ.
"ಇಲ್ಲಿಂದ ಹನ್ನೊಂದು ಮೀಟರ್," ಬೆರಳು ಚಾಚಿದ,
"ಅಗೋ, ಹದ್ದು ಹಾರುತ್ತಿದೆಯಲ್ಲ, ಅಲ್ಲಿ."

ಬಿಚ್ಚಿಬಿಡಲೇ, ಅಂತ ಕೇಳಿದೆ.
ಇರಲಿ, ಅಂದ. ಮುಂದೆ ಇನ್ನೊಂದು ಘಾಟಿ ಇದೆ.
ಬೆಳಕಿಗೆ ಬಂದು ಎಷ್ಟು ಹೊತ್ತಾದರೂ
ಅವನ ತಲೆ ಎಡಕ್ಕೇ ವಾಲಿತ್ತು.